ಕೊಳಚೆ ನೀರಿನ ಜೀವಲೋಕ ಮತ್ತು ಬೆಂಗಳೂರಿನ ಸಂಶೋಧನೆ

ಎಂಜಿನಿಯರುಗಳು ಆಕ್ಟಿವೇಟೆಡ್ ಸ್ಲಡ್ಜ್ ಎಂದು ಕರೆಯುವ ಸಕ್ರಿಯ ಕೆಸರಿನ ವಿಧಾನವು ಕೊಳಚೆ ನೀರಿನ ಶುದ್ಧೀಕರಣಕ್ಕೆ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದ್ದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಈ ವಿಧಾನದ ಒಳಗೆ ನಡೆಯುವ ಜೀವವ್ಯಾಪಾರವನ್ನು ಅರಿಯುವ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಮ್ಯಾಂಚೆಸ್ಟರಿನ ಕೊಳಚೆ ನೀರಿನ ಸಮಸ್ಯೆಯಲ್ಲೇ ಪಳಗಿದ್ದ ರಸಾಯನವಿಜ್ಞಾನಿ ಗಿಲ್ಬರ್ಟ್ ಫೌಲರ್ 1916ರಲ್ಲಿ ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಉಳಿದ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದದ್ದರಿಂದ ಈ ಅಧ್ಯಯನ ಇಲ್ಲಿ ಬೇರೂರಿತು.

ಫೌಲರ್ ಅವರ ಸಲಹೆಯ ಬಲದಿಂದ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ನಡೆಸಿ 1914ರಲ್ಲಿ ಮಂಡಿಸಿದ, ಈ ವಿಧಾನಕ್ಕೆ ಅಡಿಪಾಯವಾದ ಪ್ರಯೋಗ ನೋಡುವುದಕ್ಕೆ ತೀರ ಸರಳ. ಸೀಸೆಗಳಲ್ಲಿ ಕೊಳಚೆ ನೀರು ತುಂಬಿ, ಬೆಳಕು ತಾಗಿ ಪಾಚಿ ಬೆಳೆಯದಂತೆ ಕಂದು ಕಾಗದ ಸುತ್ತಿ, ಒಳಗೆ ಗಾಳಿ ಹಾಯಿಸಿದಾಗ ಅದರ ಅಮೋನಿಯವೆಲ್ಲ ನೈಟ್ರೇಟ್ ಎಂಬ ಲವಣರೂಪಕ್ಕೆ ತಿರುಗಲು ಮೊದಲಿಗೆ ವಾರಗಳೇ ಹಿಡಿದವು. ಆದರೆ ಮೇಲಿನ ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ನೀರು ಹೊಯ್ಯುತ್ತ ಹೋದಂತೆ ಆ ಅವಧಿ ಇಳಿಯುತ್ತ ಬಂದು ಕಡೆಗೆ ಗಂಟೆಗಳ ಲೆಕ್ಕಕ್ಕೆ ನಿಂತಿತು. ಉಳಿಸಿದ ಮೊಸರೇ ಮರುದಿನದ ಹಾಲಿಗೆ ಹೆಪ್ಪಾಗುವಂತೆ, ಉಳಿಸಿದ ಕೆಸರಿನಲ್ಲಿ ನೆಲೆಸಿದ್ದ ಸೂಕ್ಷ್ಮಜೀವಿಗಳೇ ಹೊಸ ನೀರಿನ ಕಶ್ಮಲವನ್ನು ತಿಂದು ತೇಗುತ್ತಿದ್ದವು.

ಬೆಂಗಳೂರಿನಲ್ಲಿ ಫೌಲರ್ ಅವರ ಲಕ್ಷ್ಯ ಹೆಚ್ಚಾಗಿ ಸಾರಜನಕದತ್ತ ಹರಿಯಿತು. ಹೊಲದ ಸಾರಜನಕ ಬೆಳೆಯೊಡನೆ ಪಟ್ಟಣ ಸೇರಿ, ಚರಂಡಿ ಹಿಡಿದು ನದಿಗೂ ಸಮುದ್ರಕ್ಕೂ ಹೋಗಿಬಿಟ್ಟರೆ ನೆಲ ಬಡವಾಗುತ್ತದೆ ಎಂಬ ಕಾಳಜಿಯಿಂದ ಅವರು ಸಾರಜನಕ ಸಂರಕ್ಷಣೆಯ ಜೀವರಸಾಯನವನ್ನು ಕುರಿತು 1934ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ, ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ, ಮಗುಚುವ ಶ್ರಮವಿಲ್ಲದೆ ಗೊಬ್ಬರ ಮಾಡುವ ಕ್ರಮಕ್ಕೆ ಕೃಷಿಗ್ರಂಥಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಹೆಸರು.

ಇಲ್ಲಿನ ಅತ್ಯಂತ ಸ್ವತಂತ್ರ ಚಿಂತನೆ ಮಾತ್ರ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರದು. ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದವರು ಈ ಸುಬ್ರಹ್ಮಣ್ಯನ್ ಅವರೇ. ಶುದ್ಧೀಕರಣವೆಲ್ಲ ಬ್ಯಾಕ್ಟೀರಿಯಗಳ ಕೆಲಸವೆಂಬ ಎಣಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1942ರ ‘ನೇಚರ್’ ಪತ್ರಿಕೆಯಲ್ಲಿ ಅವರಿಬ್ಬರೂ ಬ್ಯಾಕ್ಟೀರಿಯಕ್ಕಿಂತ ಬಹು ದೊಡ್ಡ ಗಾತ್ರದ ಏಕಕೋಶಜೀವಿಗಳಾದ ಪ್ರೊಟೊಜೋವಗಳ ಪಾತ್ರವನ್ನು ಮುಂದಿಟ್ಟರು. ಅವರ ಗಮನ ಸೆಳೆದದ್ದು ಎಪಿಸ್ಟೈಲಿಸ್ ಎಂಬ ಜೀವಿ: ಕವಲೊಡೆದ ತೊಟ್ಟಿನ ತುದಿಗಳಲ್ಲಿ ಗಂಟೆಯಾಕಾರದ ದೇಹಗಳು, ಗಂಟೆಯ ಅಂಚಿನಲ್ಲಿ ಎಡೆಬಿಡದೆ ಮಿಡಿಯುವ ಲೋಮಗಳು, ಆ ಮಿಡಿತ ಎಬ್ಬಿಸುವ ಸುಳಿಯಲ್ಲಿ ಸಿಕ್ಕಿ ಬಾಯಿಗೆ ಬೀಳುವ ಬ್ಯಾಕ್ಟೀರಿಯಗಳು. ಶುದ್ಧೀಕರಣದ ಮುಖ್ಯ ಕರ್ತೃ ಪ್ರೊಟೊಜೋವವೇ ಎಂಬ ಅವರ ವಾದವನ್ನು ಎಲ್ಲರೂ ಪೂರ್ತಿಯಾಗಿ ಒಪ್ಪಲಿಲ್ಲ, ಏಕೆಂದರೆ ಕರಗಿದ ಕಶ್ಮಲವನ್ನು ಮೊದಲು ಹೀರುವುದು ಬ್ಯಾಕ್ಟೀರಿಯವೇ. ಆದರೂ 1968ರಲ್ಲಿ ಬ್ರಿಟನ್ನಿನ ಕರ್ಡ್ಸ್ ಮತ್ತು ಸಂಗಡಿಗರು, ಲೋಮವುಳ್ಳ ಪ್ರೊಟೊಜೋವಗಳಿಲ್ಲದ ತೊಟ್ಟಿಯಿಂದ ಬಗ್ಗಡವಾಗಿ ಬರುವ ನೀರು ಅವುಗಳನ್ನು ಸೇರಿಸಿದ ಮೇಲೆ ತಿಳಿಯಾಗುವುದನ್ನು ತೋರಿಸಿಕೊಟ್ಟಾಗ, ಬೆಂಗಳೂರಿನ ನೋಟದ ತಿರುಳು ಗಟ್ಟಿಯಾಗಿ ನಿಂತಿತು. ಈ ಊರು ತನ್ನ ವಿಜ್ಞಾನಿಗಳ ಸಾಲಿನಲ್ಲಿ ಪಿಳ್ಳೈ ಅವರನ್ನು ಇನ್ನಷ್ಟು ಆದರದಿಂದ ನೆನೆಯಬೇಕಾಗಿದೆ.

ಗಾಂಧಿನಗರದ ಅಂಚಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಕೊಳಚೆ ಹೊತ್ತು ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುವಂತಾಗಿರುವ ಈ ನಗರಕ್ಕೆ, ಸುಮಾರು ನೂರು ಕಿಲೋಮೀಟರ್ ದೂರದಿಂದ ಏರಿಸಿ ತರುವ ನೀರನ್ನು ಮತ್ತೆ ಬಳಕೆಗೆ ತರುವುದು ಅನಿವಾರ್ಯ. ದೊಡ್ಡ ಶುದ್ಧೀಕರಣ ಘಟಕಗಳಲ್ಲಿಯೂ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿಯೂ ಸಕ್ರಿಯ ಕೆಸರು ದುಡಿಯುತ್ತಿದೆ. ಅದರ ಆರೋಗ್ಯ ತಿಳಿಯಲು ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಡುವುದು ಇಂದಿಗೂ ನಂಬುವಂಥ ಪರೀಕ್ಷೆ: ತೊಟ್ಟುಳ್ಳ ಗಂಟೆಗಳು ತುಂಬಿದ್ದರೆ ತೊಟ್ಟಿ ಸುಸ್ಥಿತಿಯಲ್ಲಿದೆ, ಎಳೆಎಳೆಯಾದ ಬ್ಯಾಕ್ಟೀರಿಯಗಳು ಹೆಣೆದುಕೊಂಡಿದ್ದರೆ ಕೆಸರು ತಳ ಸೇರದು, ಚಾಟಿಯಂಥ ಬಾಲದ ಪುಟ್ಟ ಜೀವಿಗಳಷ್ಟೇ ಇದ್ದರೆ ಗಾಳಿ ಸಾಲದಿರಬಹುದು ಅಥವಾ ಕೆಸರು ಇನ್ನೂ ಬಲಿತಿಲ್ಲದಿರಬಹುದು.