ತಿಗರಿಯ ಮುಂದೆ ಹೊಸಬರು

ದೀಪಾವಳಿ ಹತ್ತಿರ ಬಂದಿತೆಂದರೆ ನಮ್ಮ ವಾಚನಾಲಯದಲ್ಲಿ ಪ್ರತಿ ವರ್ಷ ಒಂದು ಮಾತು ಏಳುತ್ತದೆ. ದಿವಾ ಸ್ಟೇಶನ್ನಿನ ಹೊರಗೆ ಪಣತಿ ಮಾರುವವರನ್ನು ಕಂಡು ಬಂದ ಯಾರಾದರೊಬ್ಬರು, “ಮಣ್ಣಿಗೇನು ಮಹಾ ಬೆಲೆ? ನಾಲ್ಕು ರವಿವಾರ ಕಲಿತರೆ ನಾವೇ ಮಾಡಿ ಮಾರಬಹುದಲ್ಲ!” ಎನ್ನುತ್ತಾರೆ. ಈ ಸಲ ಕೇಳಿದ ಗೃಹಸ್ಥರು ವಿನೋದಕ್ಕೆ ಕೇಳಲಿಲ್ಲ. ಅವರ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ವಿದ್ಯುತ್ತಿನಿಂದ ತಿರುಗುವ ಒಂದು ತಿಗರಿಗಾಗಿ ಸಾಲ ತೆಗೆಯುವ ವಿಚಾರದಲ್ಲಿದ್ದರು. ಬರಿಯ ಬಾಯಿಮಾತಿನ ಉಪದೇಶ ಬೇಡವೆಂದು ನಾವು ಮೂವರು ಸ್ವಯಂಸೇವಕರು ಅವರೊಡನೆ ಧಾರಾವಿಯ ಕುಂಭಾರವಾಡಕ್ಕೆ ಹೋಗಿ, ಸ್ವತಃ ತಿಗರಿಯ ಮುಂದೆ ಕುಳಿತು ಬಂದೆವು.

ದಿವಾದಿಂದ ಸ್ಲೋ ಗಾಡಿ ಹಿಡಿದು ಸಾಯನ್‌ದಲ್ಲಿ ಇಳಿದರೆ, ಅಲ್ಲಿಂದ 90 ಅಡಿ ರಸ್ತೆಗೆ ಕಾಲ್ನಡಿಗೆಯಲ್ಲೇ ಹೋಗಬಹುದು. ಅಲ್ಲಿಯ ಕುಂಬಾರರು ಹೆಚ್ಚಾಗಿ ಸೌರಾಷ್ಟ್ರ ಮೂಲದವರು. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಬಂದು, 1930ರ ದಶಕದಲ್ಲಿ ಧಾರಾವಿಯಲ್ಲಿ ನೆಲೆ ನಿಂತವರು. ಮನೆಯ ಮುಂದೆ ಅಂಗಳ, ಅಂಗಳದಲ್ಲಿಯೇ ಆವಿಗೆ. ಅದಕ್ಕೆ ಉರುವಲು ಹತ್ತಿಯ ಕಸ, ಬಟ್ಟೆಯ ಚೂರು. ಗಿರಣಿಯ ಲೆಕ್ಕದ ಪುಸ್ತಕದಲ್ಲಿ ನಾವು ‘ವೇಸ್ಟ್’ ಎಂದು ಬರೆದು ಮರೆತುಬಿಡುವ ಸರಕು ಅಲ್ಲಿ ಗಡಿಗೆಗಳನ್ನು ಸುಡುತ್ತದೆ.

ಮಣ್ಣು ಹದ ಮಾಡುವುದೇ ಮೊದಲ ಪಾಠ. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನೆನೆಸಿ, ಕಲ್ಲು ಬೇರು ತೆಗೆದು, ಕಾಲಿನಿಂದ ತುಳಿಯಬೇಕು. ತೇರ್ ಊರಿನ ಗೋರಾ ಕುಂಬಾರನು ವಿಠ್ಠಲನ ಭಜನೆಯಲ್ಲಿ ಮೈಮರೆತು ಕೆಸರಿನೊಡನೆ ತನ್ನ ಕೂಸನ್ನೂ ತುಳಿದನೆಂಬ ಕಥೆಯನ್ನು ಈ ನಾಡಿನಲ್ಲಿ ಕೇಳದವರಿಲ್ಲ. ಅರ್ಧ ತಾಸು ತುಳಿದು ನೋಡಿದ ಮೇಲೆ, ಆ ಕೆಲಸದಲ್ಲಿ ಮೈಮರೆಯುವುದು ಸಾಧ್ಯವೆಂದೇ ನಮಗೂ ಅನಿಸಿತು. ತುಳಿದ ಮಣ್ಣನ್ನು ಮತ್ತೆ ಕೈಯಿಂದ ನಾದಿ ಒಳಗಿನ ಗಾಳಿ ಹೊರಡಿಸುತ್ತಾರೆ. ಗಾಳಿಯ ಗುಳ್ಳೆ ಉಳಿದರೆ ತಿಗರಿಯ ಮೇಲೆ ಬೆರಳಿಗೆ ತೊಡರಿ ಗೋಡೆ ಹರಿಯುತ್ತದೆ.

ನಿಜವಾದ ಕಷ್ಟ ಇನ್ನು ಮುಂದೆ. ನಾವು ಮಣ್ಣಿನ ಮುದ್ದೆಯನ್ನು ತಿಗರಿಯ ಮೇಲೆ ಬಡಿದು ಕೂಡ್ರಿಸಿ, ಕೂಡಲೇ ಹೆಬ್ಬೆರಳು ಚುಚ್ಚಿ ಗಡಿಗೆ ಎಬ್ಬಿಸಲು ಹೋದೆವು. ಅಲ್ಲಿಯ ವೃದ್ಧ ಕುಂಬಾರರು ನಮ್ಮ ಕೈ ಹಿಡಿದು, “ಮೊದಲು ಮಣ್ಣು ಕೂಡ್ರಲಿ, ಆಮೇಲೆ ನೀವು ಏಳಿಸಿರಿ” ಎಂಬರ್ಥದ ಮಾತನ್ನು ಹಿಂದಿಯಲ್ಲಿ ಹೇಳಿದರು. ಮಣ್ಣು ತಿಗರಿಯ ಸರಿನಡುವೆ ನಿಲ್ಲುವ ತನಕ ಮುಂದಿನ ಕೆಲಸವೇ ಇಲ್ಲ. ಸ್ಪಿಂಡಲ್ಲು ಕೂದಲೆಳೆಯಷ್ಟು ಸೊಟ್ಟಗಿದ್ದರೆ ಹೇಗೆ ನಡುಗುತ್ತದೆಂಬುದನ್ನು ಗಿರಣಿಯವರು ಬಲ್ಲರು. ಇಲ್ಲಿಯೂ ಹಾಗೆಯೇ. ತೂಕ ಒಂದು ಬದಿಗೆ ಸರಿದಿದ್ದರೆ ಪ್ರತಿ ಸುತ್ತಿಗೂ ಮಣ್ಣು ಕೈಯನ್ನು ನೂಕುತ್ತದೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗಿ ಕೊನೆಗೆ ಮಗುಚುತ್ತದೆ.

ನಾವು ರಟ್ಟೆಯ ಬಲದಿಂದ ಒತ್ತಿದೆವು. ಅದು ತಪ್ಪು. ಮೊಣಕೈಯನ್ನು ತೊಡೆಗೋ ಪಕ್ಕೆಗೋ ಆನಿಸಿ, ಒಂದು ಅಂಗೈಯನ್ನು ಮಣ್ಣಿನ ಪಕ್ಕಕ್ಕೆ, ಇನ್ನೊಂದನ್ನು ನೆತ್ತಿಗೆ ಇಟ್ಟು, ಅಲುಗದೆ ಹಿಡಿಯಬೇಕು. ಕೈ ಮಣ್ಣಿನ ಹಿಂದೆ ಹೋಗಬಾರದು. ಮಣ್ಣೇ ಕೈಯ ಹತ್ತಿರ ಬರಬೇಕು. ಈ ಹೊತ್ತಿಗೆ ತಿಗರಿ ಜೋರಾಗಿ ತಿರುಗಬೇಕು. ಗೋಡೆ ಎತ್ತುವಾಗ ನಿಧಾನ. ಕೈ ತೆಗೆಯುವಾಗ ಸಾವಕಾಶವಾಗಿ ತೆಗೆಯಬೇಕು, ಥಟ್ಟನೆ ಎಳೆದರೆ ಆದದ್ದೆಲ್ಲ ಕೆಟ್ಟಿತು. ನೀರೂ ಅಷ್ಟೇ: ಕೈ ಜಾರುವಷ್ಟು ಸಾಕು, ಹೆಚ್ಚಾದರೆ ಮಣ್ಣು ಮೆತ್ತಗಾಗಿ ಕುಸಿಯುತ್ತದೆ. ಎರಡು ತಾಸಿನಲ್ಲಿ ನಾಲ್ವರೂ ಕೂಡಿ ಮಾಡಿದ್ದು ಬಟ್ಟಲೆನ್ನಬಹುದಾದ ಒಂದೇ ಒಂದು ವಸ್ತು. ವೃದ್ಧರು ಅದನ್ನೂ ದಾರದಿಂದ ನಡುವೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸಿದರು. ಆಗ ನಮಗೆ ಸಂಕಟವಾದದ್ದು ನಿಜ. ಆದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿರಲಿಲ್ಲ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲ ದೊಣ್ಣೆಯ ಕಡೆಯಿಂದಲೇ ಹೇಳುತ್ತೇವೆ. ವರುಷದ ಲೆಕ್ಕ ಆ ದಿನ ತಿಳಿಯಿತು.

ಇನ್ನೊಂದು ಸಂಗತಿ ನಮಗೆ ಹೊಸದು. ತಳ ದುಂಡಗಿರುವ ನೀರಿನ ಕೊಡ ಇಡಿಯಾಗಿ ತಿಗರಿಯ ಮೇಲೆ ಹುಟ್ಟುವುದಿಲ್ಲ. ಬಾಯಿ ಹೆಗಲುಗಳನ್ನು ತಿಗರಿಯ ಮೇಲೆ ಮಾಡಿ, ಕೆಳಭಾಗವನ್ನು ದಪ್ಪಗೆ ಬಿಟ್ಟು, ಸ್ವಲ್ಪ ಒಣಗಿದ ಮೇಲೆ ಒಳಗೆ ಗುಂಡು ಆನಿಸಿ ಹೊರಗಿನಿಂದ ಮರದ ಹಲಗೆಯಿಂದ ಬಡಿಬಡಿದು ತಳ ದುಂಡಗೆ ಮಾಡುತ್ತಾರೆ. ಹರಿಹರನ ರಗಳೆಯ ಕುಂಬಾರ ಗುಂಡಯ್ಯನ ಗಡಿಗೆಯ ನಾದಕ್ಕೆ ಶಿವನು ಕುಣಿದನೆಂಬುದು ಓದಿ ಗೊತ್ತಿತ್ತು. ಆ ಬಡಿತದ ತಾಳವನ್ನು ಕಿವಿಯಾರೆ ಕೇಳಿದ್ದು ಇದೇ ಮೊದಲು.

ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲೊಂದು ಪಾಲು ಕುಗ್ಗುವುದುಂಟು. ಬಿಸಿಲಿಗಿಟ್ಟು ಅವಸರ ಮಾಡಿದರೆ ಬಿರುಕು. ಹಸಿ ಉಳಿದದ್ದನ್ನು ಆವಿಗೆಗೆ ಹಾಕಿದರೆ ಒಳಗಿನ ನೀರು ಉಗಿಯಾಗಿ ಒಡೆಯುತ್ತದೆ. ಕಾವು ಸುಮಾರು 600 ಡಿಗ್ರಿ ದಾಟುವಷ್ಟರಲ್ಲಿ ಮಣ್ಣಿನ ಕಣದೊಳಗೆ ಕೂಡಿಕೊಂಡ ನೀರೂ ಹೊರಬಿದ್ದು, ಮುಂದೆ ಎಷ್ಟು ನೆನೆಸಿದರೂ ಅದು ಕೆಸರಾಗದು. ಸಣ್ಣ ರಂಧ್ರಗಳು ಮಾತ್ರ ಉಳಿಯುತ್ತವೆ. ಅವುಗಳಿಂದ ನೀರು ಜಿನುಗಿ, ಆರಿ, ಒಳಗಿನ ನೀರನ್ನು ತಣ್ಣಗೆ ಮಾಡುತ್ತದೆ. ಇಲ್ಲಿಯ ಮಾಠದ ನೀರು ನಮ್ಮ ವಿಜಾಪುರದ ಹರವಿಯ ನೀರಿನಂತೆ ತಣ್ಣಗಾಗುವುದಿಲ್ಲವೆಂದು ಕುಂಬಾರನನ್ನು ಬೈಯುವವರಿದ್ದಾರೆ. ತಪ್ಪು ಅವನದಲ್ಲ, ಸಮುದ್ರದ ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆರುವುದು ಹೇಗೆ?

ಈಗ ಆ ಗೃಹಸ್ಥರ ಪ್ರಶ್ನೆಗೆ ಬರೋಣ. ಸಾಲ ತಂದರೆ ತಿಗರಿ ಬರುತ್ತದೆ, ಕೈ ಬರುವುದಿಲ್ಲ. ಕೈ ಬಂದರೂ ಚಾಳಿನ ಖೋಲಿಯಲ್ಲಿ ಒಣಗಿಸುವುದೆಲ್ಲಿ, ಸುಡುವುದೆಲ್ಲಿ? ಮಳೆಗಾಲದ ನಾಲ್ಕು ತಿಂಗಳು ಮಣ್ಣು ಒಣಗುವುದೇ ದುಸ್ತರ. ಈ ವರ್ಷದ ದೀಪಾವಳಿಗೆ ಪಣತಿ ಮಾರಿ ಕಂತು ಕಟ್ಟುವ ಲೆಕ್ಕ ಕೂಡುವುದಿಲ್ಲವೆಂದು ನಾವು ಮುಚ್ಚುಮರೆಯಿಲ್ಲದೆ ಹೇಳಿದೆವು. ಕಲಿಯಲೇಬೇಕೆಂದಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯಿದೆ. ಇದೇ ಆಯೋಗವು 2018ರಿಂದ ಕುಂಬಾರ ಮನೆತನಗಳಿಗೆ ತರಬೇತಿ ಕೊಟ್ಟು ವಿದ್ಯುತ್ ತಿಗರಿಗಳನ್ನು ಹಂಚುವ ಯೋಜನೆಯನ್ನೂ ನಡೆಸಿದೆ. ಸಾಲಕ್ಕೆ ಸಹಿ ಹಾಕುವ ಮೊದಲು ಅಲ್ಲಿ ವಿಚಾರಿಸುವುದು ಲೇಸು.

ಮರಳುವ ಗಾಡಿಯಲ್ಲಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಠಾಣೆ ದಾಟಿದ ಮೇಲೆ, ತಮ್ಮ ಸೋದರಮಾವನ ಮನೆಯಲ್ಲಿ ಇನ್ನೂ ತಿಗರಿ ತಿರುಗುತ್ತಿದೆಯೆಂದರು. ಆರು ವರ್ಷದ ಪರಿಚಯದಲ್ಲಿ ಒಮ್ಮೆಯೂ ಅವರು ಇದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸಾಲದ ಅರ್ಜಿ ಅವರ ಚೀಲದಲ್ಲಿಯೇ ಇದೆ. ಮರುದಿನ ಸಂಜೆ ವಾಚನಾಲಯದಲ್ಲಿ ಕುಳಿತು ಎರಡು ಪತ್ರ ಬರೆದರು, ಒಂದು ಖಾನಾಪುರಕ್ಕೆ, ಇನ್ನೊಂದು ಮಾವನಿಗೆ.