ಹಳೇ ಕ್ರಯಪತ್ರ ಮಡಿಕೆಯಲ್ಲೇ ಏಕೆ ತುಂಡಾಗುತ್ತದೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ರೈತರ ಮನೆಗಳಲ್ಲಿ ಟ್ರಂಕಿನ ತಳದಲ್ಲಿಟ್ಟ ಹಳೇ ಕ್ರಯಪತ್ರ, ವಿಭಾಗಪತ್ರಗಳು ಯಾರೂ ಎಳೆಯದಿದ್ದರೂ ಮಡಿಕೆಯ ಗುಂಟ ತುಂಡಾಗುತ್ತವೆ. ಹರಿಯಿತೆಂದು ಸೆಲೋಟೇಪ್ ಅಂಟಿಸುತ್ತೇವೆ. ಹೊಸ ಹಾಳೆ ಹರಿಯುವ ಬಗೆ ಬೇರೆ, ಈ ಹಾಳೆ ಮುರಿಯುವ ಬಗೆ ಬೇರೆ. ಅದನ್ನರಿಯದೆ ಮಾಡಿದ ರಿಪೇರಿ ಪತ್ರವನ್ನು ಇನ್ನಷ್ಟು ಕೆಡಿಸುತ್ತದೆ.

ಕಾಗದವೆಂದರೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ನಾರುಗಳ ಜಾಲ. ಹಾಸನದ ಬಯಲಲ್ಲಿ ಕಾಣುವ ನೀಲಗಿರಿಯ ನಾರು ಸುಮಾರು 1 ಮಿಲಿಮೀಟರ್ ಉದ್ದ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಬಳಸುತ್ತಿದ್ದ ಬಿದಿರಿನ ನಾರು ಅದರ ಎರಡರಷ್ಟು. ನಾರಿಗೆ ನಾರು ತಾಗಿದಲ್ಲಿ ಹೈಡ್ರೋಜನ್ ಬಂಧಗಳು ಅವನ್ನು ಹಿಡಿದಿರುತ್ತವೆ. ನೀರು ಅವನ್ನು ಸಡಿಲಿಸುವುದರಿಂದಲೇ ಒದ್ದೆ ಕಾಗದ ಅಷ್ಟು ಸುಲಭವಾಗಿ ಕಿತ್ತುಬರುವುದು. ಹೊಸ ಹಾಳೆ ಹರಿದಾಗ ಬಹಳಷ್ಟು ನಾರುಗಳು ತುಂಡಾಗದೆ ಇಡಿಯಾಗಿ ಹೊರಬರುತ್ತವೆ. ಅಂಚಿನ ಬಿಳಿ ನವಿರು ಅವೇ. ಅವು ಜಾರಿ ಬರುವಾಗಿನ ಉಜ್ಜಾಟ ನಮ್ಮ ಕೈಬಲವನ್ನು ನುಂಗುತ್ತದೆ. ಹಳೇ ಪತ್ರದ ಅಂಚಿನಲ್ಲಿ ಆ ನವಿರು ಕಾಣುವುದೇ ಅಪರೂಪ. ಶಾಯಿ ಹರಡದಿರಲೆಂದು 19ನೇ ಶತಮಾನದಿಂದ ಕಾಗದಕ್ಕೆ ರಾಳದ ಜೊತೆ ಆಲಂ ಬೆರೆಸುತ್ತಿದ್ದರು. ಆಲಂನಿಂದ ಹುಟ್ಟುವ ಆಮ್ಲ ತೇವದೊಂದಿಗೆ ಸೇರಿ, ನಾರಿನೊಳಗಿನ ಸೆಲ್ಯುಲೋಸ್ ಸರಪಳಿಗಳನ್ನು ವರ್ಷಗಟ್ಟಲೆ ಕತ್ತರಿಸುತ್ತದೆ. ಸತ್ವ ಕಳೆದುಕೊಂಡ ನಾರುಗಳನ್ನೇ ಸೀಳಿಕೊಂಡು ಬಿರುಕು ಹಪ್ಪಳ ಮುರಿದಂತೆ ಓಡುತ್ತದೆ.

ಪದೇ ಪದೇ ಮಡಚಿದ್ದರಿಂದ ಸವೆದಿದೆ ಅಷ್ಟೆ ಎನ್ನುವವರಿದ್ದಾರೆ. ಮಡಚುವುದು ಹೊರಗಿನ ನೆಪ ಮಾತ್ರ: ಎಂದೂ ಮಡಚದ ಮೂಲೆಗಳೂ ಮುಕ್ಕಾಗುತ್ತವೆ, ಆಮ್ಲವಿಲ್ಲದ ಹಳೇ ಕೈಕಾಗದ ಎಷ್ಟೋ ಮಡಿಕೆ ತಾಳುತ್ತದೆ. ಟೇಪ್ ಅಂಟಿಸಿದರೆ ಆ ಜಾಗ ಬಿಗಿಯಾಗಿ, ಪಕ್ಕದ ದುರ್ಬಲ ನಾರುಗಳ ಮೇಲೆ ಒತ್ತಡ ಬಿದ್ದು, ಟೇಪಿನ ಅಂಚಿನಲ್ಲೇ ಹೊಸ ಬಿರುಕು ಮೂಡುತ್ತದೆ. ಲ್ಯಾಮಿನೇಷನ್ ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಬಿಡಿಸಲೂ ಆಗದು. ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದಿವೆ, 2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದೆ, ಇನ್ನು ಕಾಗದದ ಚಿಂತೆ ಏಕೆ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಸ್ಕ್ಯಾನ್ ಬರಹವನ್ನು ಉಳಿಸುತ್ತದೆ. ಸಹಿಯೋ ಹೆಬ್ಬೆಟ್ಟೋ ವಿವಾದಕ್ಕೆ ಬಿದ್ದಾಗ ಕೋರ್ಟು ನೋಡಬಯಸುವುದು ಮೂಲಪತ್ರವನ್ನು. ಸ್ಕ್ಯಾನರಿನ ಮೇಲಿಡಲು ಹಾಳೆ ತುಂಡಾಗದೆ ಬಿಚ್ಚಿಕೊಳ್ಳಲೂಬೇಕು. ನಿಮ್ಮ ಪತ್ರದ ಮುರಿದ ಅಂಚಿನಲ್ಲಿ ನವಿರು ಕಾಣದಿದ್ದರೆ ಮತ್ತೆ ಮಡಚಬೇಡಿ. ಫೋಟೊ ತೆಗೆದು, ಆಮ್ಲರಹಿತ ಹಾಳೆಗಳ ನಡುವೆ ಚಪ್ಪಟೆಯಾಗಿ, ತೇವ ತಾಗದ ಕಡೆ ಇಡಿ.