ಹಗೇವಿನ ಬಾಯಿ ತೆಗೆಯುವವರು ಯಾರು?

ಆಳಂದ ತಾಲ್ಲೂಕಿನ ಜಿಡಗಾ ಸೀಮೆ ಜೋಳದ ನಾಡು. ಇಲ್ಲಿನ ಹಿರಿಯರಿಗೆ ಹಗೇವು ಹೊಸದಲ್ಲ. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿದ ಆ ಕಣಜ ಎಲ್ಲಿದೆಯೆಂದು ಓಣಿಗೆಲ್ಲ ಗೊತ್ತಿರುತ್ತಿತ್ತು. ಆದರೆ ಬಾಯಿ ತೆಗೆಯುವ ಹಕ್ಕು ಮನೆಯವರದು. ನೆರೆಯವರಿಗೆ ಜೋಳ ಬೇಕಾದರೆ ಬಾಗಿಲಿಗೆ ಬಂದು ಕೇಳಬೇಕು.

ಗಣಕದಲ್ಲೂ ಇಂಥದೇ ಪದ್ಧತಿಯೊಂದಿದೆ. ಲಿನಕ್ಸ್ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಯಂತ್ರ ನಡೆಯುತ್ತಿರುವಾಗಲೇ ಅದಕ್ಕೆ ಜೋಡಿಸಬಹುದಾದ ತುಂಡು ಮಾಡ್ಯೂಲ್. ಜಿಡಗಾದ ಹುಡುಗನೊಬ್ಬ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತ ಇಂಥ ಮಾಡ್ಯೂಲ್ ಬರೆದನೆನ್ನಿ. ಕರ್ನೆಲ್‌ನ ಫಂಕ್ಷನ್ ಒಂದರ ಹೆಸರನ್ನು ಅದರ ಮೂಲ ಬರಹದಲ್ಲೇ ಕಣ್ಣಾರೆ ನೋಡಿ ಬಳಸಿದ್ದಾನೆ. ಆದರೂ ‘ಅನ್‌ಡಿಫೈನ್ಡ್’ ಎಂಬ ದೂರು! ಇಡೀ ಬರಹ ಬಯಲಲ್ಲಿರುವಾಗ ಈ ಮುಚ್ಚುಮರೆ ಏಕೆ?

ಇದು ಗುಟ್ಟಿನ ಮಾತಲ್ಲ, ಹೊಣೆಯ ಮಾತು. ಫಂಕ್ಷನ್ನಿನ ಹೆಸರಿಗೆ ಸಿಂಬಲ್ ಎಂದು ಕರೆಯುತ್ತಾರೆ. ‘ಸ್ಟ್ಯಾಟಿಕ್’ ಎಂದು ಬರೆದರೆ ಆ ಹೆಸರು ತನ್ನ ಕಡತದಾಚೆ ಹೋಗದು. ಹಾಗೆ ಬರೆಯದಿದ್ದರೆ ಕರ್ನೆಲ್‌ನೊಳಗೆಲ್ಲ ಕಾಣುತ್ತದೆ. ಮಾಡ್ಯೂಲ್‌ಗಳಿಗೂ ಸಿಗಬೇಕಾದರೆ ಬರೆದವರು ‘ಎಕ್ಸ್‌ಪೋರ್ಟ್ ಸಿಂಬಲ್’ ಎಂದು ಪ್ರತ್ಯೇಕವಾಗಿ ಸಾರಬೇಕು. ಹಾಗೆ ಸಾರಿದ ಮೇಲೆ ಹೊರಗಿನವರು ಅದನ್ನೇ ನೆಚ್ಚಿಕೊಳ್ಳುತ್ತಾರೆ, ಮನ ಬಂದಂತೆ ತಿದ್ದುವುದು ಕಷ್ಟವಾಗುತ್ತದೆ. ಹಿಂದಿನ 2.4 ಆವೃತ್ತಿಯಲ್ಲಿ ಮಾಡ್ಯೂಲ್ ಬರೆದವರು ಏನೂ ಹೇಳದಿದ್ದರೆ ಅದರ ಹೆಸರುಗಳೆಲ್ಲ ಹೊರಬೀಳುತ್ತಿದ್ದವು. 2003ರ ಡಿಸೆಂಬರ್‌ನಲ್ಲಿ ಬಂದ 2.6 ಇದನ್ನು ತಿರುವುಮುರುವು ಮಾಡಿತು: ಸಾರಿದ್ದಷ್ಟೇ ಹೊರಗೆ.

ಈ ಕಥೆಯಲ್ಲಿ ಬೆಂಗಳೂರಿನ ಪಾತ್ರವೂ ಇದೆ. ಅಲ್ಲಿನ ಐಬಿಎಂನ ಎಂಜಿನಿಯರುಗಳು ‘ಕೆಪ್ರೋಬ್ಸ್’ ಎಂಬ ಸಾಧನಕ್ಕೆ ಬಹುವಾಗಿ ದುಡಿದರು. ಓಡುತ್ತಿರುವ ಕರ್ನೆಲ್‌ನ ನಾಡಿ ಹಿಡಿದು ದೋಷ ಹುಡುಕುವ ಸಾಧನವದು. 2004ರಲ್ಲಿ ಲಿನಕ್ಸ್ ಸೇರಿತು. ಅದರ ಕಡತದ ತಲೆಬರಹದಲ್ಲಿ ಪ್ರಸನ್ನ ಎಸ್. ಪಂಚಮುಖಿ ಅವರ ಹೆಸರಿದೆ. ಹೆಸರಿನಲ್ಲೇ ಕನ್ನಡದ ಹಳ್ಳಿಯನ್ನು ಹೊತ್ತ ಅನಂತ ಎನ್. ಮಾವಿನಕಾಯನಹಳ್ಳಿ 2006ರಲ್ಲಿ ಒಂದು ಅನುಕೂಲ ಸೇರಿಸಿದರು: ಫಂಕ್ಷನ್ನಿನ ಹೆಸರು ಕೊಟ್ಟರೆ ಸಾಕು, ವಿಳಾಸವನ್ನು ಕರ್ನೆಲ್ಲೇ ಹುಡುಕಿಕೊಳ್ಳುತ್ತದೆ.

ಮುಂದೆ 2020ರ 5.7 ಆವೃತ್ತಿಯಲ್ಲಿ, ಯಾವುದೇ ಹೆಸರಿನ ವಿಳಾಸ ಹೇಳುತ್ತಿದ್ದ ‘ಕಾಲ್‌ಸಿಮ್ಸ್ ಲುಕಪ್ ನೇಮ್’ ಮಾಡ್ಯೂಲ್‌ಗಳ ಕೈತಪ್ಪಿತು. ಜಾಣರು ಸುಮ್ಮನಿದ್ದಾರೆಯೇ? ಅದರ ಹೆಸರನ್ನೇ ಕೆಪ್ರೋಬ್ಸ್‌ಗೆ ಕೊಟ್ಟು ವಿಳಾಸ ಪಡೆದರು! ರೋಗ ನೋಡಲು ಕೊಟ್ಟ ಉಪಕರಣ ಬೀಗ ತೆಗೆಯುವ ಕಂಬಿಯಾಯಿತು.

ಆ ಜಾಣತನ ನಮ್ಮ ಹುಡುಗನಿಗೂ ಆಕರ್ಷಕವಾಗಿ ಕಂಡೀತು. ಪ್ರಯೋಗ ಪರೀಕ್ಷೆಯ ದಿನ ಕೆಲಸ ನಡೆದೀತು ಕೂಡ. ಆದರೆ ಸಾಮಾನ್ಯ ತಂತ್ರಾಂಶ ಎಡವಿದರೆ ಅದೊಂದೇ ಬೀಳುತ್ತದೆ. ಮಾಡ್ಯೂಲ್ ಎಡವಿದರೆ ಇಡೀ ಯಂತ್ರವನ್ನೇ ಕೆಡವಬಹುದು. ಮುಂದಿನ ಆವೃತ್ತಿಯಲ್ಲಿ ಆ ಒಳಗಿನ ಫಂಕ್ಷನ್ ಬದಲಾದರೆ ಯಾರನ್ನು ದೂರುವುದು? ಅದು ಬದಲಾಗದೆಂದು ಯಾರೂ ಮಾತು ಕೊಟ್ಟಿರಲಿಲ್ಲವಲ್ಲ. ಅದೇ ಕೆಲಸ ಮಾಡುವ, ಸಾರಿದ ಹೆಸರೊಂದಿದೆಯೇ ಎಂದು ಮೂಲ ಬರಹದಲ್ಲಿ ಹುಡುಕಲು ಒಂದು ಸಂಜೆ ಹಿಡಿದೀತು. ಹುಡುಕುತ್ತ, ತಾನು ಬರೆದ ಫಂಕ್ಷನ್ನುಗಳಲ್ಲಿ ಎಷ್ಟಕ್ಕೆ ‘ಸ್ಟ್ಯಾಟಿಕ್’ ಹಾಕಿದ್ದೇನೆಂದೂ ಅವನು ಎಣಿಸಿಕೊಳ್ಳಬಹುದು.